ಹಸಿರು ಬಾಗಿಲಿನ ಬೇಟೆ

"ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮೆಲ್ಲರನ್ನೂ ಆ ಹಸಿರು ಬಾಗಿಲಿನ ಮುಂದೆ ನಿಲ್ಲಿಸದಿದ್ದರೆ ಕೇಳಿ" ಎಂದು ನಾನು ಘೋಷಿಸಿದ್ದು ಒಂದು ಬುಧವಾರ. ಆ ಬಾಗಿಲು ಎಲ್ಲಿದೆ ಎಂದು ಆ ಹೊತ್ತಿಗೆ ನನಗೆ ಗೊತ್ತಿರಲಿಲ್ಲ. ಅದೊಂದು ದೊಡ್ಡ ಕೊರತೆ ಎಂದೂ ನನಗೆ ಅನ್ನಿಸಲಿಲ್ಲ.

ಏಕೆಂದರೆ ನಾನು ಕರಡು ತಿದ್ದುವವನು. ಹದಿನೆಂಟು ವರ್ಷದಿಂದ ಮುದ್ರಣಾಲಯದ ಒಂದು ಮೂಲೆಯಲ್ಲಿ ಕೂತು ರೈಲು ವೇಳಾಪಟ್ಟಿ, ಶಾಲೆಯ ಪಠ್ಯ, ಔಷಧಿ ಡಬ್ಬಿಯೊಳಗೆ ಮಡಿಸಿಡುವ ಆ ತೆಳು ಕಾಗದ, ಎಲ್ಲವನ್ನೂ ಓದಿದ್ದೇನೆ. ಅಲ್ಪವಿರಾಮದ ಬಾಲ ಮುರಿದಿದ್ದರೂ ನನ್ನ ಕಣ್ಣಿಗೆ ಬೀಳುತ್ತದೆ. ಇಂಥ ಕಣ್ಣಿಗೆ ಆರೂವರೆ ಅಡಿ ಎತ್ತರದ ಬಾಗಿಲೊಂದು ತಪ್ಪಿಸಿಕೊಂಡು ಹೋಗುವುದುಂಟೇ?

ನಾನು ಘೋಷಣೆ ಮಾಡಿದ್ದು ನಮ್ಮ ಬಳಗದಲ್ಲಿ. ಬಳಗದ ಹೆಸರು 'ಎಲ್ಲೋ ನೋಡಿದ ಹಾಗಿದೆ'. ಮೂವತ್ತು ವರ್ಷ ಹಿಂದಿನ ಟಿ.ವಿ. ಧಾರಾವಾಹಿಗಳನ್ನು ಮತ್ತೆ ಮತ್ತೆ ಹಾಕಿಕೊಂಡು ನೋಡಿ, ಒಂದರಲ್ಲಿ ಬಂದ ಜಾಗ ಇನ್ನೊಂದರಲ್ಲೂ ಬಂದಿದೆಯೇ ಎಂದು ಪತ್ತೆ ಹಚ್ಚುವುದು ನಮ್ಮ ಕಸುಬು. ಆ ಕಾಲದ ನಿರ್ಮಾಪಕರಿಗೆ ಒಂದು ಒಳ್ಳೆಯ ಮೆಟ್ಟಿಲು ಸಿಕ್ಕರೆ ಸಾಕಾಗಿತ್ತು. ಸೋಮವಾರದ ಧಾರಾವಾಹಿಯಲ್ಲಿ ಅದು ಬ್ಯಾಂಕು, ಬುಧವಾರದ್ದರಲ್ಲಿ ಆಸ್ಪತ್ರೆ, ಶುಕ್ರವಾರದ್ದರಲ್ಲಿ ಖಳನಾಯಕನ ಬಂಗಲೆ. ಬದಲಾಗುತ್ತಿದ್ದದ್ದು ಪಕ್ಕದ ಹೂಕುಂಡ ಮಾತ್ರ. ಹೂಕುಂಡದ ಮೋಸಕ್ಕೆ ಇಡೀ ಊರು ಬಿದ್ದಿತ್ತು. ನಾವು ಹನ್ನೊಂದು ಜನ ಬೀಳಲಿಲ್ಲ.

ಬಳಗದ ಯಜಮಾನರು ನಿವೃತ್ತ ಗಡಿಯಾರ ರಿಪೇರಿಯವರು. ಅವರನ್ನು ಎಲ್ಲರೂ ಭೂತಗನ್ನಡಿ ಎಂದೇ ಕರೆಯುವುದು. ಅವರೂ ಹಾಗೆಂದರೇ ಓಗೊಡುವುದು. ಪತ್ತೆಯಾದ ಜಾಗಗಳನ್ನೆಲ್ಲ ಬರೆದಿಟ್ಟ ಒಂದು ದಪ್ಪ ರಿಜಿಸ್ಟರು ಅವರ ಬಳಿ ಇದೆ. ವಯಸ್ಸಾಯಿತು, ಕೈ ನಡುಗುತ್ತದೆ, ಹಸಿರು ಬಾಗಿಲನ್ನು ಹುಡುಕಿಕೊಟ್ಟವರಿಗೆ ರಿಜಿಸ್ಟರು ವಹಿಸಿಬಿಡುತ್ತೇನೆ ಎಂದು ಅವರು ಹೇಳಿದ ದಿನದಿಂದ ನನಗೆ ಊಟ ರುಚಿಸುತ್ತಿರಲಿಲ್ಲ.

ಆ ಬಾಗಿಲಿನ ಮಹಿಮೆ ಸಾಮಾನ್ಯವಾದದ್ದಲ್ಲ. ಪತ್ತೇದಾರಿ ಧಾರಾವಾಹಿಯಲ್ಲಿ ಅದು ಕಳ್ಳಸಾಗಣೆಯವರ ಅಡ್ಡೆ. ಸಂಸಾರದ ಧಾರಾವಾಹಿಯಲ್ಲಿ ಬಡ ಮೇಷ್ಟ್ರ ಮನೆ. ಆಸ್ಪತ್ರೆಯ ಧಾರಾವಾಹಿಯಲ್ಲಿ ಶವಾಗಾರ. ಕಳ್ಳರು, ಮೇಷ್ಟ್ರು, ಹೆಣ, ಮೂರೂ ಜಾತಿಯವರನ್ನು ಭೇದವಿಲ್ಲದೆ ಒಳಗೆ ಬಿಟ್ಟುಕೊಂಡ ಬಾಗಿಲು ಅದು. ಆದರೆ ಬಳಗದಲ್ಲೊಬ್ಬ ದಂತವೈದ್ಯ ಇದ್ದಾನೆ, ನನ್ನ ಎದುರಾಳಿ. "ಅದು ನಿಜವಾದ ಮನೆಯೇ ಅಲ್ಲ, ಸ್ಟುಡಿಯೋದಲ್ಲಿ ಹಲಗೆ ಬಡಿದು ನಿಲ್ಲಿಸಿದ್ದು. ನೋಡಿದ ಕೂಡಲೇ ಕಟ್ಟಿಸಿದ ಹಲ್ಲು ಅಂತ ಗೊತ್ತಾಗುತ್ತೆ" ಎಂದು ಅವನ ವಾದ. ಆ ಮಾತು ಕೇಳಿಯೇ ನಾನು ರೋಷದಿಂದ ಭಾನುವಾರದ ಗಡುವು ಕೊಟ್ಟದ್ದು.

ಗುರುವಾರ ರಜೆ ಹಾಕಿ ಕೆಲಸಕ್ಕಿಳಿದೆ. ಮೊದಲ ಪ್ರಶ್ನೆ: ಬಾಗಿಲು ನಿಜವಾಗಿಯೂ ಹಸಿರೇ? ಹಳೆಯ ಟೇಪುಗಳಲ್ಲಿ ಬಣ್ಣ ಕೆಟ್ಟಿರುತ್ತದೆ; ನಾಯಕಿಯ ಮುಖವೇ ಒಮ್ಮೊಮ್ಮೆ ನೇರಳೆಯಾಗಿ ಕಾಣುವುದುಂಟು. ಪರೀಕ್ಷೆ ಮಾಡಬೇಕಾದರೆ ಒಂದು ಬಾಗಿಲಿಗೆ ಹಸಿರು ಬಳಿದು, ಸಂಜೆ ನಾಲ್ಕರ ಬಿಸಿಲಲ್ಲಿ ಫೋಟೋ ತೆಗೆದು ಹೋಲಿಸಬೇಕು. ಬಾಗಿಲು ಎಲ್ಲಿಂದ ತರುವುದು? ನಮ್ಮ ಮನೆಗೇ ಒಂದು ಇತ್ತು.

ನನ್ನ ಹೆಂಡತಿ ಬಸ್ ನಿಲ್ದಾಣದಲ್ಲಿ ಕಳೆದ ವಸ್ತುಗಳ ಕೌಂಟರಿನ ಮೇಲ್ವಿಚಾರಕಿ. ಬಸ್ಸಲ್ಲಿ ಜನ ಮರೆತುಬಿಟ್ಟ ಕೊಡೆ, ಚೀಲ, ಕನ್ನಡಕಗಳನ್ನು ಜೋಪಾನ ಮಾಡಿ ವಾರಸುದಾರರಿಗೆ ಒಪ್ಪಿಸುವುದು ಅವಳ ಕೆಲಸ. ಅಂದು ಸಂಜೆ ಬಂದವಳು ಹೊಸ್ತಿಲಾಚೆಯೇ ನಿಂತುಬಿಟ್ಟಳು.

"ರೀ, ಬಾಗಿಲಿಗೆ ಏನಾಯ್ತು?"

"ಪ್ರಯೋಗ."

"ಯಾರನ್ನ ಕೇಳಿ ಮಾಡಿದ್ರಿ?"

"ವಿಜ್ಞಾನ ಯಾರನ್ನೂ ಕೇಳಿಕೊಂಡು ನಡೆಯಲ್ಲ ಕಣೆ."

"ಮನೆ ಮಾಲೀಕರು ಕೇಳ್ತಾರೆ" ಎಂದು ಅವಳು ಅಡ್ಡಡ್ಡ ಸರಿದು ಒಳಗೆ ಬಂದಳು. ಆದರೂ ಸಮವಸ್ತ್ರದ ಎಡ ಭುಜ ಹಸಿರಾಯಿತು. ನಾನು ಆ ಭುಜವನ್ನೂ ಬಿಸಿಲಿಗೆ ಹಿಡಿದು ನೋಡಬೇಕೆಂದಿದ್ದೆ. ಅವಳ ಮುಖ ನೋಡಿ ಕೈಬಿಟ್ಟೆ.

ಪ್ರಯೋಗ ಯಶಸ್ವಿಯಾಯಿತು. ಬಣ್ಣ ಹಸಿರೇ! ತೊಂದರೆ ಶುರುವಾದದ್ದು ಶುಕ್ರವಾರ ಬೆಳಿಗ್ಗೆ. ಬಣ್ಣ ಒಣಗುವ ಮುಂಚೆಯೇ ಬಾಗಿಲು ಹಾಕಿಕೊಂಡಿದ್ದೆವಲ್ಲ, ಚೌಕಟ್ಟು ಬಾಗಿಲು ಎರಡೂ ಒಂದಕ್ಕೊಂದು ಅಂಟಿ ಒಂದೇ ಜೀವವಾಗಿದ್ದವು. ನಾನು ಎಳೆದೆ. ಅವಳು ಎಳೆದಳು. ಇಬ್ಬರೂ ಕೂಡಿ ಎಳೆದೆವು. ಹಿಡಿ ಕಿತ್ತು ನನ್ನ ಕೈಗೆ ಬಂತು.

ಎಂಟೂವರೆಗೆ ಕೌಂಟರ್ ತೆರೆಯಬೇಕು. ಅವಳು ಅಡುಗೆಮನೆಯ ಕಿಟಕಿಯ ಬಳಿ ಸ್ಟೂಲ್ ಎಳೆದುಕೊಂಡು, ಚೀಲವನ್ನು ಮೊದಲು ಆಚೆ ಎಸೆದು, ಆಮೇಲೆ ತಾನೂ ಇಳಿದು ಕೆಲಸಕ್ಕೆ ಹೋದಳು. ಪಕ್ಕದ ಮನೆಯವರು ಹಲ್ಲುಜ್ಜುತ್ತ ನಿಂತಿದ್ದವರು ಉಜ್ಜುವುದನ್ನೇ ಮರೆತರು. ಅಂದಿನಿಂದ ನಮ್ಮ ಸಂಸಾರದ ಎಲ್ಲ ವ್ಯವಹಾರವೂ ಕಿಟಕಿಯ ಮೂಲಕವೇ. ಬಡಗಿಯನ್ನು ಸೋಮವಾರ ಕರೆಸೋಣ ಎಂದೆ. ನನಗೆ ಬಾಗಿಲು ತೆಗೆಸುವುದಕ್ಕಿಂತ ಬಾಗಿಲು ಹುಡುಕುವುದು ಮುಖ್ಯವಾಗಿತ್ತು.

ಅಂದು ಸಂಜೆ ಕಿಟಕಿಯಿಂದ ಒಳಗಿಳಿದವಳು ನನ್ನ ಬೆನ್ನ ಹಿಂದೆ ಬಂದು ನಿಂತಳು.

"ಇಷ್ಟೆಲ್ಲ ರಾಮಾಯಣ ಆಗ್ತಿರೋ ಬಾಗಿಲು ಯಾವುದು, ನಾನೂ ನೋಡ್ತೀನಿ, ತೋರಿಸಿ."

ನಾನು ಕಂಪ್ಯೂಟರಿನ ಪರದೆಯನ್ನು ಗೋಡೆಯ ಕಡೆ ತಿರುಗಿಸಿದೆ. "ಭಾನುವಾರದವರೆಗೆ ಗುಟ್ಟು. ನಿನ್ನ ಕೌಂಟರಿಗೆ ದಿನಾ ಐನೂರು ಜನ ಬರ್ತಾರೆ."

"ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಲೂ ಒಂದು ಸಲ ಶೂಟಿಂಗ್..."

"ಆಮೇಲೆ ಹೇಳು. ಮೊಳೆ ಎಣಿಸ್ತಾ ಇದೀನಿ."

ಅವಳು ಹೋದಳು. ನಾನು ಎಣಿಸಿದೆ. ಬಾಗಿಲಿನ ಅಡ್ಡಪಟ್ಟಿಯಲ್ಲಿ ಮೂರು ದಪ್ಪ ಮೊಳೆಗಳಿರಬೇಕಾದ ಕಡೆ ಎರಡೇ ಇದ್ದವು, ನಡುವಿನದು ಇಲ್ಲ. ಬಳೆಯಂಥ ಹಿಡಿ ಎಡಕ್ಕೆ ಬಾಗಿತ್ತು. ಕಳ್ಳಸಾಗಣೆಯವರು ಬಾಗಿಲು ತಟ್ಟುವ ಆ ದೃಶ್ಯವನ್ನು ನಲವತ್ತೇಳನೇ ಸಲ ನೋಡುವಾಗ, ಬಾಗಿಲಿನ ಮೇಲ್ಭಾಗದ ಗಾಜಿನಲ್ಲಿ ಏನೋ ಗುಂಡಗೆ ಕಂಡಿತು. ಪ್ರತಿಬಿಂಬ. ಸ್ವಲ್ಪ ವಾಲಿ ನಿಂತ ನೀರಿನ ಟ್ಯಾಂಕು! ವಾಲಿದ ಟ್ಯಾಂಕು ಊರಿಗೆಲ್ಲ ಒಂದೇ, ರೈಲು ನಿಲ್ದಾಣದ ಹಿಂದೆ. ನನ್ನ ಎದೆ ಹೊಡೆದುಕೊಂಡ ಸದ್ದಿಗೆ ಅಡುಗೆಮನೆಯಿಂದ ಅವಳು "ಯಾರು ಬಾಗಿಲು ತಟ್ತಿರೋದು? ಕಿಟಕಿ ಕಡೆ ಬರೋಕೆ ಹೇಳಿ" ಎಂದಳು ಎಂದರೆ ನೀವು ನಂಬಲಾರಿರಿ, ಬಿಡಿ.

ಶನಿವಾರ ಟ್ಯಾಂಕಿನ ಸುತ್ತಿನ ಏಳು ಬೀದಿಗಳನ್ನೂ ಅಳೆದೆ. ಐದನೆಯ ಬೀದಿಯ ಕೊನೆಯಲ್ಲಿ ಹಂಚಿನ ಸೂರಿನ ಒಂದು ಚಿಕ್ಕ ಮನೆ. ಎರಡು ಮೊಳೆ, ನಡುವಿನದು ಇಲ್ಲ. ಬಳೆ ಎಡಕ್ಕೆ ವಾಲಿದೆ. ನಾನು ಅಲ್ಲೇ ಬೀದಿಯಲ್ಲಿ ಎರಡು ಹೆಜ್ಜೆ ಕುಣಿದೆ. ಒಂದೇ ಒಂದು ಸಣ್ಣ ದೋಷ: ಬಾಗಿಲು ನೀಲಿ ಬಣ್ಣದ್ದಾಗಿತ್ತು.

ಮೂವತ್ತು ವರ್ಷದಲ್ಲಿ ಬಣ್ಣ ಬದಲಿಸದೆ ಇರುತ್ತಾರೆಯೇ? ನೀಲಿಯ ಅಡಿಯಲ್ಲಿ ಹಸಿರು ಇದ್ದೇ ಇರುತ್ತದೆ ಎಂದು ಧೈರ್ಯ ಮಾಡಿದೆ. ಸಂಜೆ ಮುದ್ರಣಾಲಯಕ್ಕೆ ಹೋಗಿ ಆ ದೃಶ್ಯದ ನಕ್ಷೆಯೊಂದನ್ನು ಹನ್ನೊಂದು ಪ್ರತಿ ಅಚ್ಚು ಹಾಕಿಸಿದೆ. ಗೋಡೆ, ಕಿಟಕಿ, ದೀಪದ ಕಂಬ, ದೃಶ್ಯದಲ್ಲಿರುವ ಪ್ರತಿಯೊಂದು ವಸ್ತುವಿಗೂ ಒಂದೊಂದು ನಂಬರು, ಕೆಳಗೆ ವಿವರ. ಕರಡನ್ನು ನಾನೇ ಮೂರು ಸಲ ತಿದ್ದಿದೆ. ಒಂದು ತಪ್ಪೂ ಇರಲಿಲ್ಲ.

ಭಾನುವಾರ ಕೌಂಟರಿನ ಕೆಲಸವಿದ್ದ ಹೆಂಡತಿ ಎಂಟಕ್ಕೇ ಕಿಟಕಿ ದಾಟಿ ಹೋಗಿದ್ದಳು. ನಾನು ಒಂಬತ್ತಕ್ಕೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಕಿಟಕಿಯ ಕಟ್ಟೆಯ ಮೇಲಿದ್ದ ಕೀಲಿಗೊಂಚಲು ಜೇಬಿಗಿಳಿಸಿ ಹೊರಟೆ. ಬಾಗಿಲೇ ತೆರೆಯದ ಮನೆಗೆ ಕೀಲಿ ಏಕೆ ಎಂದು ಕೇಳಬೇಡಿ. ಅಭ್ಯಾಸ.

ಹತ್ತು ಗಂಟೆಗೆ ಸರಿಯಾಗಿ ಹನ್ನೊಂದು ಜನ ಆ ಮನೆಯ ಮುಂದೆ ಸೇರಿದೆವು. ನಾನು ಎಲ್ಲರಿಗೂ ಒಂದೊಂದು ನಕ್ಷೆ ಹಂಚಿ, ಸೇನಾಧಿಪತಿಯಂತೆ ಬಾಗಿಲಿನತ್ತ ಕೈ ಚಾಚಿದೆ. ಕೆಲವರು ಚಪ್ಪಾಳೆ ತಟ್ಟಿದರು. ಭೂತಗನ್ನಡಿಯವರು ಕನ್ನಡಕ ಒರೆಸಿಕೊಂಡು ಮೊಳೆಗಳನ್ನು ಮುಟ್ಟಿ ನೋಡಿದರು.

"ಹಸಿರು ಬಾಗಿಲು ಅಂದ್ರಿ" ಎಂದ ದಂತವೈದ್ಯ. "ಇದು ನೀಲಿ."

"ಮೇಲೆ ನೀಲಿ. ಒಳಗೆ ಹಸಿರು."

"ಒಳಗೆ ಏನಿದೆ ಅಂತ ನೋಡದೆ ನಾನು ಯಾವ ಹಲ್ಲನ್ನೂ ಕೀಳಲ್ಲ. ತೋರಿಸಿ."

ನಾನು ಜೇಬಿನಿಂದ ಕೀಲಿ ತೆಗೆದು ಮೂಲೆಯಲ್ಲಿ ಉಗುರಿನಷ್ಟು ಕೆರೆದೆ. ನೀಲಿಯ ಅಡಿಯಲ್ಲಿ ಬಿಳಿ ಬಂತು. ಅಂಗೈಯಷ್ಟು ಕೆರೆದೆ. ಬಿಳಿಯ ಅಡಿಯಲ್ಲಿ ಕಂದು ಬಂತು. ದಂತವೈದ್ಯ ಗಂಟಲು ಸರಿಮಾಡಿಕೊಂಡ. ಇನ್ನೂ ಒತ್ತಿ ಕೆರೆಯುತ್ತಿರುವಾಗ ಬಾಗಿಲು ಒಳಗಿನಿಂದ ತೆರೆದುಕೊಂಡಿತು. ನಾನು ಕೀಲಿಸಮೇತ ಹೊಸ್ತಿಲಾಚೆ ಮೊಣಕಾಲೂರಿ ಬಿದ್ದೆ.

ತಲೆ ಎತ್ತಿದೆ. ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡಿದ್ದ ಎಪ್ಪತ್ತೈದರ ಆಸುಪಾಸಿನ ಒಬ್ಬ ಅಜ್ಜಿ ನಿಂತಿದ್ದರು. ಹಿಂದೆ ಹೊಲಿಗೆ ಯಂತ್ರ ಕಾಣುತ್ತಿತ್ತು. ಬಾಗಿಲಿನ ಗಾಯ ನೋಡಿದರು, ನನ್ನ ಕೈಯ ಕೀಲಿ ನೋಡಿದರು, ಹಿಂದೆ ನಿಂತ ಹತ್ತು ಜನರನ್ನು ನೋಡಿದರು. ಪೊಲೀಸರಿಗೆ ಏನು ಹೇಳಬೇಕೆಂದು ನಾನು ಮನಸ್ಸಿನಲ್ಲೇ ಕರಡು ತಯಾರಿಸುತ್ತಿದ್ದೆ.

"ಬಣ್ಣದವರು ತಾನೇ? ನಾಳೆ ಬರ್ತೀನಿ ಅಂದಿದ್ರಲ್ಲಪ್ಪ" ಎಂದರು ಅಜ್ಜಿ. "ಒಂದು ಬಾಗಿಲಿಗೆ ಇಷ್ಟು ಜನ ಯಾಕೆ? ಇರಲಿ. ಕೀಲಿಯಲ್ಲಿ ಕೆರೆದ್ರೆ ಯಾವಾಗ ಮುಗಿಯುತ್ತೆ? ತಡಿ, ಉಜ್ಜುಕಾಗದ ತರಿಸಿಟ್ಟಿದೀನಿ."

ನಿಜ ಹೇಳಬೇಕಿತ್ತು, ಒಪ್ಪುತ್ತೇನೆ. ಆದರೆ ಕೈಗೆ ಉಜ್ಜುಕಾಗದ ಬಂದ ಮೇಲೆ ನಿಜ ಯಾರಿಗೆ ಬೇಕು? ಹನ್ನೊಂದು ಜನ ಅಂಗಿಯ ತೋಳು ಮಡಿಸಿದೆವು. ಭೂತಗನ್ನಡಿಯವರಿಗೆ ಕೆಳಗಿನ ಪಟ್ಟಿ, ದಂತವೈದ್ಯನಿಗೆ ಸಂದಿಗೊಂದಿ. ಅವನಿಗೆ ಅದು ರೂಢಿಯ ಕೆಲಸ. ನೀಲಿ ಹೋಯಿತು, ಬಿಳಿ ಹೋಯಿತು, ಕಂದು ತೆಳುವಾಗುತ್ತ ಬಂತು. ಬೀದಿಯವರು ಬಂದು ನಿಂತರು. ಧೂಳಿನಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಆಗ ಕೆಳಗಿನಿಂದ ಭೂತಗನ್ನಡಿಯವರ ನಡುಗುವ ದನಿ ಕೇಳಿಸಿತು.

"ನಿಲ್ಲಿಸಿ. ಎಲ್ಲರೂ ನಿಲ್ಲಿಸಿ. ಹಸಿರು."

ಹಸಿರು! ನನ್ನ ಮನೆ ಬಾಗಿಲಿಗೆ ಬಳಿದದ್ದೇ ಹಸಿರು! ನನ್ನನ್ನು ಎತ್ತಿಕೊಳ್ಳಲು ನಾಲ್ವರು ಮುಂದೆ ಬಂದರು, ಎತ್ತಲಾಗದೆ ಬೆನ್ನು ತಟ್ಟಿದರು. ದಂತವೈದ್ಯ ಬಾಯಿ ತೆರೆದ, ರೋಗಿಯ ಹಾಗೆ ತೆರೆದುಕೊಂಡೇ ಇದ್ದ. ಭೂತಗನ್ನಡಿಯವರು ಚೀಲದಿಂದ ಆ ದಪ್ಪ ರಿಜಿಸ್ಟರು ಹೊರಗೆ ತೆಗೆದರು. ನಾನು ಕೈ ಒರೆಸಿಕೊಂಡೆ.

ಸರಿಯಾಗಿ ಆಗ ನನ್ನ ಫೋನು ಬಡಿದುಕೊಂಡಿತು.

"ರೀ, ನನ್ನ ಕೀಲಿಗೊಂಚಲು ನಿಮ್ಮ ಹತ್ರ ಇದೆಯಾ?" ಹೆಂಡತಿಯ ದನಿ ತಣ್ಣಗಿತ್ತು. ಅದು ಒಳ್ಳೆಯ ಲಕ್ಷಣವಲ್ಲ. "ಬೀರು ತೆಗೆಯೋಕಾಗ್ತಿಲ್ಲ. ಒಬ್ಬರು ಹಲ್ಲಿನ ಸೆಟ್ಟು ಬಸ್ಸಲ್ಲಿ ಬಿಟ್ಟು ಹೋಗಿದ್ರು. ಬೆಳಿಗ್ಗೆಯಿಂದ ಕೌಂಟರ್ ಮುಂದೆ ಕೂತಿದಾರೆ. ಊಟದ ಹೊತ್ತಾಯ್ತು."

ಕೈಯಲ್ಲಿದ್ದ ಕೀಲಿ ನೋಡಿದೆ. ಅವಳದ್ದೇ. ತುದಿಗೆ ಮೂರು ಬಣ್ಣ ಮೆತ್ತಿತ್ತು. ಟ್ಯಾಂಕಿನ ಹಿಂದಿನ ಐದನೇ ಬೀದಿಯಲ್ಲಿದ್ದೇನೆ ಎಂದೆ. ಆ ಕಡೆಯಿಂದ "ಐದನೇ ಬೀದಿನಾ?" ಎಂದು ಎರಡು ಸಲ ಕೇಳಿದಳು. ಆಮೇಲೆ "ಅಲ್ಲೇ ಇರಿ" ಎಂದಳು.

ಇಪ್ಪತ್ತು ನಿಮಿಷಕ್ಕೆ ಆಟೋದಿಂದ ಇಳಿದಳು. ಭುಜದ ಹಸಿರು ಇನ್ನೂ ಹಾಗೇ ಇತ್ತು. ಬೈಗುಳಕ್ಕೆ ತಯಾರಾಗಿ ನಿಂತ ನನ್ನನ್ನು ಅವಳು ನೋಡಲೇ ಇಲ್ಲ. ಬಾಗಿಲನ್ನು ನೋಡಿದಳು, ಎದುರು ಮನೆಯನ್ನು ನೋಡಿದಳು, ಮತ್ತೆ ಬಾಗಿಲನ್ನು ನೋಡಿ "ಇದಾ?" ಎಂದಳು.

ಅಜ್ಜಿ ಹುಬ್ಬಿಗೆ ಕೈ ಅಡ್ಡ ಹಿಡಿದು ಹತ್ತಿರ ಬಂದರು. "ನೀನು ಎದುರು ಮನೆ ಸಿಗ್ನಲ್‌ನೋರ ಮಗಳಲ್ವೇನೆ? ಆ ಹಟಮಾರಿ?"

"ಹೂಂ ಟೈಲರಮ್ಮ, ನಾನೇ. ನೀವು ಇನ್ನೂ ಇಲ್ಲೇ ಇದೀರಾ?"

ಇಬ್ಬರೂ ಕೈ ಕೈ ಹಿಡಿದುಕೊಂಡರು. ರೈಲ್ವೆ ಸಿಗ್ನಲಿನಲ್ಲಿದ್ದ ನಮ್ಮ ಮಾವನವರಿಗೆ ಎರಡು ವರ್ಷಕ್ಕೊಂದು ಊರು, ಒಂದು ಮನೆ. ಇವಳು ಬೆಳೆದ ಮನೆಗಳ ಪಟ್ಟಿಯನ್ನು ನಾನು ಎಂದೂ ಪೂರ್ತಿ ಕೇಳಿದವನಲ್ಲ.

"ಶೂಟಿಂಗ್ ಆದಾಗ ಮೇಡಂ ಇಲ್ಲೇ ಇದ್ರಾ?" ಎಂದ ದಂತವೈದ್ಯ. ಅವನ ದನಿಯಲ್ಲಿ ಜೀವ ಬಂದಿತ್ತು.

"ಇದ್ದೆ. ಒಂಬತ್ತು ವರ್ಷ ಆಗ. ಮೂರು ದಿನ ನಡೀತು. ಮುಂದಿನ ತಿಂಗಳೇ ಅಪ್ಪನಿಗೆ ವರ್ಗ ಆಯ್ತು, ಮನೇಲಿ ಟಿ.ವಿ.ನೂ ಇರಲಿಲ್ಲ. ಯಾವ ಧಾರಾವಾಹಿ ಅಂತ್ಲೂ ಗೊತ್ತಾಗಲಿಲ್ಲ. ಮೊನ್ನೆ ಇವರಿಗೆ ಹೇಳೋಕೆ ಹೋದೆ. ಮೊಳೆ ಎಣಿಸ್ತಿದ್ರು."

ಹತ್ತು ಜೊತೆ ಕಣ್ಣುಗಳು ನನ್ನ ಕಡೆ ತಿರುಗಿದವು.

"ಇವಳನ್ನ ಮರೆಯೋದುಂಟೇ?" ಎಂದರು ಟೈಲರಮ್ಮ. "ಡೈರೆಕ್ಟರು ಬಾಗಿಲ ಮುಂದಿಂದ ಏಳು ಅಂದ್ರೆ ಏಳಲಿಲ್ಲ. 'ಇದು ನಾನು ದಿನಾ ಕೂರೋ ಜಾಗ' ಅಂತ ಕೂತೇ ಇದ್ಲು. ಬಿಸ್ಕತ್ತು ಕೊಟ್ರು. ತಿಂದಳು, ಏಳಲಿಲ್ಲ. ಕೊನೆಗೆ ಇವಳನ್ನ ಕೂರಿಸಿಕೊಂಡೇ ಕ್ಯಾಮೆರಾ ಓಡಿಸಿದ್ರು."

"ಅದು ಸಾಧ್ಯವಿಲ್ಲ" ಎಂದೆ ನಾನು. ನನ್ನ ವೃತ್ತಿಗೌರವದ ಪ್ರಶ್ನೆ. "ಆ ದೃಶ್ಯವನ್ನು ನಲವತ್ತೇಳು ಸಲ ನೋಡಿದೀನಿ. ಬಾಗಿಲ ಮುಂದೆ ಹುಡುಗಿ ಇಲ್ಲ."

ಭೂತಗನ್ನಡಿಯವರು ತಮ್ಮ ಫೋನಿನಲ್ಲಿ ಆ ದೃಶ್ಯ ಹಾಕಿದರು. ಎಲ್ಲರ ತಲೆಗಳೂ ಒಂದಾದವು.

"ಇಲ್ಲಿ, ಮೆಟ್ಟಿಲ ಮೇಲೆ" ಎಂದು ಬೆರಳಿಟ್ಟಳು ಅವಳು. "ಅಣ್ಣನ ಕಂದು ಸ್ವೆಟರು. ಚಳಿಗೆ ಮಂಡಿ ಎರಡೂ ಸ್ವೆಟರ್ ಒಳಗೆ ಹಾಕಿಕೊಂಡಿದೀನಿ."

ದಂತವೈದ್ಯ ಜೇಬಿನಿಂದ ಏನೋ ತೆಗೆದು ಬಿಡಿಸಿದ. ನಾನು ಅಚ್ಚು ಹಾಕಿಸಿದ ನಕ್ಷೆ. ಅವಸರವಿಲ್ಲದೆ, ಒಂದೊಂದು ಅಕ್ಷರವನ್ನೂ ಸ್ಪಷ್ಟವಾಗಿ ಓದಿದ:

"ವಸ್ತು ಸಂಖ್ಯೆ ಏಳು. ಗೋಣಿಚೀಲ. ಒಳಗೆ ಆಲೂಗಡ್ಡೆ ಇರಬಹುದು. ಬಾಗಿಲಿನ ಕೆಳಭಾಗಕ್ಕೆ ಅಡ್ಡವಾಗಿರುವುದರಿಂದ ಅಧ್ಯಯನಕ್ಕೆ ತೊಂದರೆಯಾಗಿದೆ."

ನನ್ನ ಹೆಂಡತಿ ಆ ಕಾಗದ ಇಸಿದುಕೊಂಡು, ತಾನೂ ಒಂದು ಸಲ ಓದಿದಳು.

"ಆಲೂಗಡ್ಡೆ" ಎಂದಳು.

"ಇರಬಹುದು ಅಂತಷ್ಟೇ ಬರೆದಿದ್ದು" ಎಂದೆ.

ಮೊದಲು ನಕ್ಕವರು ಟೈಲರಮ್ಮ. ಆಮೇಲೆ ಬೀದಿಗೆ ಬೀದಿಯೇ ನಕ್ಕಿತು. ಆ ಗದ್ದಲದಲ್ಲೇ ಬಳಗದವರೆಲ್ಲ ಅವಳನ್ನು ಮುತ್ತಿಕೊಂಡರು. ನಾಯಕ ಎಲ್ಲಿ ನಿಂತಿದ್ದ? ಓಡುವ ದೃಶ್ಯ ಯಾವ ಬೀದಿ? ಅವಳು ಕಳೆದ ವಸ್ತುವನ್ನು ಹುಡುಕಿಕೊಡುವ ದನಿಯಲ್ಲೇ ಒಂದೊಂದನ್ನೂ ಹೇಳುತ್ತ ಹೋದಳು. ನಾಯಕ ಇದೇ ಬೀದಿಯಲ್ಲಿ ಅಂಗಿ ಬದಲಿಸಿ ಮೂರು ಸಲ ಓಡಿದನಂತೆ, ಅದನ್ನೇ ಮೂರು ಊರು ಎಂದು ತೋರಿಸಿದರಂತೆ. ನ್ಯಾಯಾಲಯ ಎಂದು ನಾವು ಎರಡು ವರ್ಷ ಹುಡುಕುತ್ತಿದ್ದ ಕೋಣೆ ಟೈಲರಮ್ಮನವರ ಹಿತ್ತಿಲ ಕೋಣೆ. ನ್ಯಾಯಾಧೀಶರ ಹಿಂದಿನ ಪರದೆಯನ್ನು ಅವರೇ ಹೊಲಿದಿದ್ದು. ಭೂತಗನ್ನಡಿಯವರು ಆನಂದದಿಂದ ಕಣ್ಣೊರೆಸಿಕೊಂಡು, ನನ್ನನ್ನು ದಾಟಿ ಹೋಗಿ, ರಿಜಿಸ್ಟರನ್ನು ಅವಳ ಕೈಗಿಟ್ಟರು.

"ನನಗೆ ಬರೆಯೋಕೆ ಹೊತ್ತಿಲ್ಲ ಸರ್. ಒಬ್ಬರ ಹಲ್ಲು ಕಾಯ್ತಿದೆ" ಎಂದು ಅವಳು ರಿಜಿಸ್ಟರನ್ನು ಕಂಕುಳಲ್ಲಿ ಹಿಡಿದು, ನನ್ನಿಂದ ಕೀಲಿ ಕಸಿದುಕೊಂಡು, ಅದರ ತುದಿಯನ್ನು ನನ್ನ ಇಸ್ತ್ರಿ ಅಂಗಿಗೆ ಚೆನ್ನಾಗಿ ಒರೆಸಿ ಆಟೋ ಹತ್ತಿದಳು. ಬಳಗದವರು ನ್ಯಾಯಾಲಯ ನೋಡಲು ಒಳಗೆ ಹೋದರು. ನಾನೂ ಹೆಜ್ಜೆ ಎತ್ತಿದೆ.

"ನೀನೆಲ್ಲಿಗಪ್ಪ?" ಎಂದರು ಟೈಲರಮ್ಮ. "ಕೆರೆಯೋಕೆ ಶುರು ಮಾಡಿದೋನು ನೀನು ತಾನೇ? ಮೇಲಿನ ಪಟ್ಟಿ ಹಾಗೇ ಉಳಿದಿದೆ."

ಮೇಲಿನ ಪಟ್ಟಿ ಮುಗಿಸಿ, ಹೊಸ ಬಣ್ಣದ ಮೊದಲ ಲೇಪ ಬಳಿದು ಮನೆ ಸೇರುವಾಗ ಐದೂವರೆ. ಕಿಟಕಿಯಿಂದ ಒಳಗೆ ಇಳಿದೆ. ಅವಳು ಬಂದಿದ್ದಳು, ನನ್ನ ಕುರ್ಚಿಯಲ್ಲೇ ಕೂತಿದ್ದಳು. ಕಂಪ್ಯೂಟರಿನ ಪರದೆಯನ್ನು ಗೋಡೆಯ ಕಡೆಯಿಂದ ಇತ್ತ ತಿರುಗಿಸಿಕೊಂಡಿದ್ದಳು.

"ಹಲ್ಲಿನವರು ಊಟ ಮಾಡಿದ್ರಾ?" ಎಂದೆ ಮೆಲ್ಲಗೆ.

"ಮಾಡಿದ್ರು. ಬನ್ನಿ, ಕೂತ್ಕೊಳ್ಳಿ. ನಾನು ಮೊದಲನೇ ಸಲ ನೋಡ್ತಿರೋದು."

ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಫೋನಿನಲ್ಲಿ ಇಣುಕಿದ್ದು ಬಿಟ್ಟರೆ ನಲವತ್ತೆಂಟನೇ ಸಲ. ಕಳ್ಳಸಾಗಣೆಯವರು ಬಂದರು, ಬಾಗಿಲು ತಟ್ಟಿದರು. ಈ ಸಲ ನಾನು ಮೊಳೆ ನೋಡಲಿಲ್ಲ, ಗಾಜು ನೋಡಲಿಲ್ಲ. ವಸ್ತು ಸಂಖ್ಯೆ ಏಳನ್ನು ನೋಡಿದೆ. ಅದಕ್ಕೆ ಎರಡು ಜಡೆ ಇದ್ದವು, ಗಲ್ಲದ ಮೇಲೆ ಬಿಸ್ಕತ್ತಿನ ಪುಡಿ ಇತ್ತು. ಹದಿನೈದು ವರ್ಷದಿಂದ ನನ್ನೆದುರು ಕೂತು ಊಟ ಮಾಡುತ್ತಿರುವ ಅದೇ ಮುಖ, ಅದೇ ಹಟ.

ಅಷ್ಟರಲ್ಲಿ ಆ ಒಂಬತ್ತು ವರ್ಷದ ಹುಡುಗಿ ಕತ್ತೆತ್ತಿ, ಪರದೆಯೊಳಗಿಂದ ನೇರವಾಗಿ ನನ್ನನ್ನೇ ನೋಡಿ, ಉದ್ದಕ್ಕೆ ನಾಲಿಗೆ ಚಾಚಿ ಅಣಕಿಸಿದಳು.

ನಾನು ಹೌಹಾರಿ ಹೆಂಡತಿಯ ಕಡೆ ತಿರುಗಿದೆ.

"ಆವತ್ತು ಡೈರೆಕ್ಟರಿಗೆ ಅಂತ ಚಾಚಿದ್ದು" ಎಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ. "ಮೂವತ್ತು ವರ್ಷ ಆದ್ಮೇಲೆ ಈಗ ಸರಿಯಾದ ವಾರಸುದಾರ ಸಿಕ್ಕಿದ."